ಡಬ್ಬಿ ಖಾಲಿ, ನಾಯಿ ಆರಾಮ: ಈಗೇನು ಮಾಡೋದು?

ನಮ್ಮ ವಿಟಮಿನ್, ಸಪ್ಲಿಮೆಂಟ್ ಮಾತ್ರೆಗಳನ್ನು ನಾಯಿ ತಿಂದುಬಿಟ್ಟರೆ ಏನು ಮಾಡಬೇಕು ಅಂತ, ಚಿಕ್ಕ ತಳಿಯ ನಾಯಿ ಸಾಕಿದವರ ಒಂದು ಕೂಟದಲ್ಲಿ ಮಾತಾಡಿದ್ದನ್ನು ಬರೆದು ಕೊಡಿ ಎಂದು ಕೆಲವರು ಕೇಳಿದರು. ಅದಕ್ಕೇ ಇದು. ಮಾತಿನ ಮಧ್ಯೆ ನಾನು ಎಲ್ಲೆಲ್ಲೋ ಹೋಗಿಬಿಡುತ್ತೇನೆ, ಅದರಲ್ಲಿ ಒಂದಿಷ್ಟು ಕತ್ತರಿಸಿದ್ದೇನೆ. ಉಳಿದದ್ದು ಹೆಚ್ಚುಕಡಿಮೆ ಮಾತಾಡಿದ ಹಾಗೇ ಇದೆ.

ಎಲ್ಲರಿಗೂ ನಮಸ್ಕಾರ. ಒಂದು ಫೋನ್ ಕರೆಯಿಂದ ಶುರು ಮಾಡುತ್ತೇನೆ. ಪಶುವೈದ್ಯನಾಗಿ ಇಷ್ಟು ವರ್ಷದಲ್ಲಿ ಇಂಥ ಕರೆ ಎಷ್ಟು ಬಂದಿವೆಯೋ ಲೆಕ್ಕವಿಲ್ಲ, ಆದರೆ ಮಾತು ಮಾತ್ರ ಎಲ್ಲರದೂ ಒಂದೇ.

“ಡಾಕ್ಟ್ರೇ, ನಮ್ಮ ನಾಯಿ ನನ್ನ ವಿಟಮಿನ್ ಮಾತ್ರೆ ತಿಂದುಬಿಟ್ಟಿದೆ. ಆದ್ರೆ ಆರಾಮಾಗಿದೆ, ಬಾಲ ಆಡಿಸ್ಕೊಂಡು ಓಡಾಡ್ತಿದೆ. ಏನೂ ಆಗಲ್ಲ ಅಲ್ವಾ?”

ಯಾವ ವಿಟಮಿನ್? “ಅದೇ, ದಿನಾ ತಗೊಳ್ಳೋದು.” ಎಷ್ಟು ತಿಂದಿದೆ? “ಗೊತ್ತಿಲ್ಲ, ಡಬ್ಬಿ ಖಾಲಿ ಇದೆ.” ಎಷ್ಟಿತ್ತು ಡಬ್ಬಿಯಲ್ಲಿ? “ಅರ್ಧ ಇತ್ತೇನೋ.” ನಾಯಿ ಎಷ್ಟು ಕೆಜಿ? “ಚಿಕ್ಕದು.”

ನೋಡಿ, ಇಷ್ಟು ಮಾತಲ್ಲಿ ಅವರಿಗೆ ಖಚಿತವಾಗಿ ಗೊತ್ತಿರುವುದು ಒಂದೇ. ನಾಯಿ ಆರಾಮಾಗಿದೆ. ನನಗೆ ಸ್ವಲ್ಪವೂ ಉಪಯೋಗಕ್ಕೆ ಬಾರದ ಮಾಹಿತಿಯೂ ಅದೊಂದೇ. ಇವತ್ತು ನಾನು ಹೇಳಬೇಕಾದದ್ದು ಇದನ್ನೇ. ತಿಂದ ಮೊದಲ ಒಂದೆರಡು ಗಂಟೆಯಲ್ಲಿ ನಾಯಿಯ ಮುಖ ನೋಡಿ ಏನೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಡಬ್ಬಿ ನೋಡಿದರೆ. ಏನು ತಿಂದಿದೆ ಅನ್ನುವುದರ ಮೇಲೆ ಕೆಲವು ಸಲ ಅರ್ಧ ಗಂಟೆಯಲ್ಲಿ ಕುಸಿದು ಬೀಳುತ್ತದೆ, ಕೆಲವು ಸಲ ಎರಡು ದಿನ ಚೆನ್ನಾಗಿ ಆಡಿಕೊಂಡಿದ್ದು ಮೂರನೇ ದಿನ ಕಿಡ್ನಿ ಕೈಕೊಡುತ್ತದೆ. ಎರಡೂ ನಾಯಿಗಳು ಹತ್ತನೇ ನಿಮಿಷದಲ್ಲಿ ಒಂದೇ ಥರ ಬಾಲ ಆಡಿಸುತ್ತಿರುತ್ತವೆ.

ನಾನೇ ಸಿಕ್ಕಿಬಿದ್ದ ಕಥೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಉಪದೇಶ ಮಾಡಲು ಬಂದಿದ್ದೇನೆ ಅಂದುಕೊಳ್ಳುತ್ತೀರಿ. ನಮ್ಮನೆ ನಾಯಿ ಗುಂಡ, 4 ಕೆಜಿ. ಅಮ್ಮನಿಗೆ ವಾರಕ್ಕೊಂದು ವಿಟಮಿನ್ ಡಿ ಕ್ಯಾಪ್ಸೂಲ್ ಬರೆದುಕೊಟ್ಟಿದ್ದರು, 60,000 ಐಯು ಇರುವಂಥದ್ದು (ಐಯು ಅಂದರೆ ವಿಟಮಿನ್ ಅಳೆಯುವ ಒಂದು ಮಾನ). ಅದನ್ನು ತಂದು, ಚೀಲವನ್ನು ಸುಮ್ನೆ ಸೋಫಾ ಪಕ್ಕ ನೆಲದ ಮೇಲೆ ಇಟ್ಟವನು ನಾನೇ. ಸಂಜೆ ನೋಡಿದರೆ ಸ್ಟ್ರಿಪ್ ಜಗಿದು ಚಪ್ಪಟೆ. ನಾಲ್ಕರಲ್ಲಿ ಎರಡು ಇವೆ, ಒಂದನ್ನು ಅಮ್ಮ ಬೆಳಿಗ್ಗೆ ತಗೊಂಡಿದ್ದಾರೆ, ಇನ್ನೊಂದು ಎಲ್ಲಿ? ಟಾರ್ಚ್ ಹಿಡಿದು ಸೋಫಾ ಅಡಿ ತೆವಳಿದೆ. ಕ್ಯಾಪ್ಸೂಲಿನ ಸಿಪ್ಪೆ ಸಿಕ್ಕಿತು, ಒಳಗಿನದು ಇರಲಿಲ್ಲ. ಗುಂಡ ಮಾತ್ರ ನಾನು ಆಟಕ್ಕೆ ಕರೆದೆ ಅಂದುಕೊಂಡು ನನ್ನ ಬೆನ್ನ ಮೇಲೆ ಹತ್ತಿ ಕುಣಿಯುತ್ತಿದ್ದ.

ಆಗ ಮಾಡಿದ ಲೆಕ್ಕ ನೋಡಿ. 40 ಐಯು ಅಂದರೆ 1 ಮೈಕ್ರೋಗ್ರಾಂ. 60,000 ಐಯು ಅಂದರೆ 1,500 ಮೈಕ್ರೋಗ್ರಾಂ, ಅಂದರೆ 1.5 ಮಿಲಿಗ್ರಾಂ. ಗುಂಡನ 4 ಕೆಜಿಯಿಂದ ಭಾಗಿಸಿದರೆ ಕೆಜಿಗೆ 0.37 ಮಿಲಿಗ್ರಾಂ ಚಿಲ್ಲರೆ. ನಾಯಿಗಳಲ್ಲಿ ಕೆಜಿಗೆ 0.1 ಮಿಲಿಗ್ರಾಂ ದಾಟಿದರೆ ತೊಂದರೆ ಶುರು, 0.5ರ ಹತ್ತಿರ ಬಂದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟು. ಒಂದೇ ಒಂದು ಕ್ಯಾಪ್ಸೂಲ್ ಸ್ವಾಮಿ, ಅಮ್ಮನಿಗೆ ಒಂದು ವಾರದ ಡೋಸ್, ಗುಂಡನಿಗೆ ಅಪಾಯದ ಗೆರೆಯ ಮೂರೂವರೆ ಪಟ್ಟಿಗಿಂತ ಜಾಸ್ತಿ. ಅವನನ್ನು ಎತ್ತಿಕೊಂಡು ಕ್ಲಿನಿಕ್‌ಗೆ ಓಡಿದೆ, ವಾಂತಿ ಮಾಡಿಸಿದೆ, ಹೊಟ್ಟೆಯಲ್ಲಿ ಉಳಿದ ವಿಷವನ್ನು ಅಂಟಿಸಿಕೊಳ್ಳುವ ಇದ್ದಿಲು ಔಷಧಿ ಕೊಟ್ಟೆ, ಮೂರು ದಿನ ರಕ್ತ ಪರೀಕ್ಷೆ ಮಾಡಿದೆ. ಏನೂ ಆಗಲಿಲ್ಲ. ಮೂರು ದಿನ ಅಮ್ಮ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ, ಅಷ್ಟೇ.

ನಮ್ಮಲ್ಲಿ ಒಂದು ಗಾದೆ ಇದೆಯಲ್ಲ, ಆನೆಗೆ ಆನೆ ಭಾರ, ಇರುವೆಗೆ ಇರುವೆ ಭಾರ. ಔಷಧಿಯ ಲೆಕ್ಕವೂ ಹಾಗೇ. ನಿಮ್ಮ ತೂಕ 60 ಕೆಜಿ, ನಾಯಿಯದು 3 ಕೆಜಿ ಅಂದರೆ ಅದು ನುಂಗಿದ ಒಂದು ಮಾತ್ರೆ ನೀವು ಇಪ್ಪತ್ತು ಮಾತ್ರೆ ನುಂಗಿದ ಹಾಗೆ. ದೊಡ್ಡ ಜಾತಿ ನಾಯಿ ಸಾಕಿದವರು “ನಮ್ಮದೂ ಒಂದು ಸಲ ತಿಂದಿತ್ತು, ಏನೂ ಆಗಲಿಲ್ಲ ಬಿಡಿ” ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅವರ ನಾಯಿ 35 ಕೆಜಿ, ಅಷ್ಟೇ. ಅವರ ಮಾತು ನಂಬಿ ನೀವು ಮನೆಯಲ್ಲಿ ಕೂರಬೇಡಿ.

ಇನ್ನೊಂದು ವಿಷಯ. ಮಕ್ಕಳಿಗೆ ತೆಗೆಯಲು ಬಾರದ ಮುಚ್ಚಳ ಅಂತ ಬರುತ್ತದಲ್ಲ, ಒತ್ತಿ ತಿರುಗಿಸುವುದು, ಅದು ಮಕ್ಕಳಿಗೆ. ನಾಯಿ ಮುಚ್ಚಳದ ತಂಟೆಗೇ ಹೋಗುವುದಿಲ್ಲ, ಡಬ್ಬಿಯನ್ನೇ ಕಚ್ಚಿ ಸೀಳುತ್ತದೆ. ಮೀನೆಣ್ಣೆ ಕ್ಯಾಪ್ಸೂಲ್ ಅದಕ್ಕೆ ಮೀನು, ಜೆಲ್ಲಿ ಥರ ಜಗಿಯುವ ಗಮ್ಮಿ ವಿಟಮಿನ್ ಅದಕ್ಕೆ ಮಿಠಾಯಿ. ಒಂದು ತಿಂದು ಸಾಕು ಅನ್ನುವ ಪ್ರಾಣಿಯಂತೂ ಅಲ್ಲ, ನಿಮಗೇ ಗೊತ್ತು.

ಈಗ ಯಾವುದು ಎಷ್ಟು ಅಪಾಯ ಅನ್ನುವುದಕ್ಕೆ ಬರೋಣ. ಎಲ್ಲಾ ಸಪ್ಲಿಮೆಂಟೂ ವಿಷವಲ್ಲ, ಬಹಳಷ್ಟು ಭೇದಿಗೆ ಮುಗಿಯುತ್ತವೆ. ಅದಕ್ಕೇ ಜನ ಮೋಸ ಹೋಗುವುದು.

ಮೊದಲು ಕ್ಸೈಲಿಟಾಲ್. ಈ ಹೆಸರೊಂದನ್ನು ನೆನಪಿಟ್ಟುಕೊಂಡು ಹೋದರೂ ಸಾಕು, ನೀವು ಇಲ್ಲಿಗೆ ಬಂದದ್ದಕ್ಕೆ ಲಾಭ. ಇದು ಸಕ್ಕರೆಯ ಬದಲು ಹಾಕುವ ಸಿಹಿ. ಗಮ್ಮಿ ವಿಟಮಿನ್, ಜಗಿಯುವ ಮಾತ್ರೆ, ನಿದ್ದೆಗೆ ಅಂತ ಬರುವ ಮೆಲಟೋನಿನ್ ಗಮ್ಮಿ, ಸಕ್ಕರೆಯಿಲ್ಲದ ಚೂಯಿಂಗ್ ಗಮ್, ಇಂಥದರಲ್ಲಿ ಇರಬಹುದು. ಲೇಬಲ್ ಮೇಲೆ ಕೆಲವು ಸಲ ಬರ್ಚ್ ಶುಗರ್ ಅಂತಿರುತ್ತದೆ, ಕೆಲವು ಸಲ ಬರೀ ಇ967. ಮನುಷ್ಯರಿಗೆ ಇದರಿಂದ ಇನ್ಸುಲಿನ್, ಅಂದರೆ ರಕ್ತದ ಸಕ್ಕರೆ ಇಳಿಸುವ ಹಾರ್ಮೋನು, ಅಷ್ಟಾಗಿ ಏರುವುದಿಲ್ಲ, ಅದಕ್ಕೇ ಸಕ್ಕರೆ ಕಾಯಿಲೆಯವರಿಗೆ ಒಳ್ಳೆಯದು ಅಂತ ಬಳಸುತ್ತಾರೆ. ನಾಯಿಯ ದೇಹ ಬೇರೆ. ಕ್ಸೈಲಿಟಾಲ್ ಒಳಗೆ ಹೋಗುತ್ತಿದ್ದ ಹಾಗೇ ಅದರ ಮೇದೋಜೀರಕ ಗ್ರಂಥಿ ಇದೇ ನಿಜವಾದ ಸಕ್ಕರೆ ಅಂದುಕೊಂಡು ಇನ್ಸುಲಿನ್ ಸುರಿಯುತ್ತದೆ. ಆದರೆ ರಕ್ತಕ್ಕೆ ಬಂದಿರುವ ಸಕ್ಕರೆ ಏನೂ ಇಲ್ಲ. ಇದ್ದದ್ದೂ ಖಾಲಿಯಾಗುತ್ತದೆ. ಅರ್ಧ ಗಂಟೆ, ಒಂದು ಗಂಟೆಯಲ್ಲಿ ತೂರಾಡುವುದು, ಸುಸ್ತು, ಕಣ್ಣು ಮೇಲೆ ಮಾಡಿ ಫಿಟ್ಸ್. ಗಮ್‌ನಂಥದ್ದು ತಿಂದಿದ್ದರೆ ಅದು ನಿಧಾನವಾಗಿ ಬಿಡುತ್ತದೆ, ಹಾಗಾಗಿ ಹತ್ತು ಹನ್ನೆರಡು ಗಂಟೆ ತಡವಾಗಿಯೂ ಆಗಬಹುದು.

ಪ್ರಮಾಣ ಕೇಳಿ. ಕೆಜಿಗೆ ಸುಮಾರು 0.1 ಗ್ರಾಂ ಹೋದರೆ ಸಕ್ಕರೆ ಇಳಿಯುತ್ತದೆ. ಕೆಜಿಗೆ 0.5 ಗ್ರಾಂ ಹೋದರೆ ಲಿವರ್ ಹಾಳಾಗುವ ಭಯ. 3 ಕೆಜಿ ನಾಯಿಗೆ ಮೊದಲನೆಯದು 0.3 ಗ್ರಾಂ. ಕೆಲವು ಚೂಯಿಂಗ್ ಗಮ್‌ಗಳಲ್ಲಿ ಒಂದೇ ತುಂಡಿನಲ್ಲಿ ಅಷ್ಟಿರುತ್ತದೆ. ತಮಾಷೆ ಏನಪ್ಪಾ ಅಂದರೆ ಎಷ್ಟೋ ಡಬ್ಬಿಗಳ ಮೇಲೆ ಕ್ಸೈಲಿಟಾಲ್ ಅಂತ ಹೆಸರಿರುತ್ತದೆ, ಎಷ್ಟು ಅಂತ ಇರುವುದಿಲ್ಲ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಅದಕ್ಕೆ ನಾವು ಹೆಸರು ಕಂಡರೆ ಸಾಕು, ಬನ್ನಿ ಅನ್ನುತ್ತೇವೆ. ಇದಕ್ಕೆ ಇದ್ದಿಲು ಔಷಧಿ ಅಷ್ಟಾಗಿ ಕೆಲಸ ಮಾಡುವುದಿಲ್ಲ, ಡ್ರಿಪ್‌ನಲ್ಲಿ ಗ್ಲೂಕೋಸ್ ಕೊಟ್ಟು ಗಂಟೆ ಗಂಟೆಗೆ ಸಕ್ಕರೆ ನೋಡುತ್ತಾ ಕೂರಬೇಕು, ಲಿವರ್ ಪರೀಕ್ಷೆಯನ್ನು ಮೂರು ದಿನದವರೆಗೂ ಮತ್ತೆ ಮಾಡಬೇಕು. ದಾರಿಯಲ್ಲೇ ನಾಯಿ ತೂರಾಡಲು ಶುರು ಮಾಡಿದರೆ ಬೆರಳಿಗೆ ಸ್ವಲ್ಪ ಜೇನುತುಪ್ಪವನ್ನೋ ಸಕ್ಕರೆ ಪಾಕವನ್ನೋ ಹಚ್ಚಿ ಒಸಡಿಗೆ ಸವರಿ. ಬಾಯಿಗೆ ಸುರಿಯಬೇಡಿ, ನುಂಗುವ ಎಚ್ಚರ ಇಲ್ಲದಿದ್ದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಫಿಟ್ಸ್ ಬರುತ್ತಿರುವಾಗ ಬಾಯಿಗೆ ಕೈ ಹಾಕಬೇಡಿ. ಗಾಡಿಯನ್ನೂ ನಿಲ್ಲಿಸಬೇಡಿ.

ಸಾರ್ಬಿಟಾಲ್, ಎರಿಥ್ರಿಟಾಲ್, ಸ್ಟೀವಿಯಾ ಅಂತ ಬರೆದಿದ್ದರೆ ಈ ಭಯ ಇಲ್ಲ. ಹೆಚ್ಚಂದರೆ ಹೊಟ್ಟೆ ಕೆಡುತ್ತದೆ.

ಎರಡನೆಯದು ವಿಟಮಿನ್ ಡಿ, ಅರ್ಧ ಆಗಲೇ ಹೇಳಿದ್ದೇನೆ. ಒಂದು ಮಾತು ಸೇರಿಸುತ್ತೇನೆ. ಇಲಿ ಪಾಷಾಣಗಳಲ್ಲಿ ಒಂದು ಬಗೆಯದಕ್ಕೆ ಹಾಕುವುದು ಇದೇ ವಿಟಮಿನ್ ಡಿ3, ಅಂದರೆ ಕೋಲೆಕ್ಯಾಲ್ಸಿಫೆರಾಲ್. ಇದನ್ನು ಕೇಳಿದ ಮೇಲೆ “ವಿಟಮಿನ್ ತಾನೇ” ಅನ್ನುವ ಮಾತು ಯಾರ ಬಾಯಲ್ಲೂ ಬರುವುದಿಲ್ಲ. ಇದು ಕೊಬ್ಬಿನಲ್ಲಿ ಸೇರಿಕೊಂಡು ವಾರಗಟ್ಟಲೆ ಉಳಿಯುತ್ತದೆ. ಮೊದಲ ದಿನ ಏನೂ ಕಾಣದೇ ಇರಬಹುದು. ಆಮೇಲೆ ಊಟ ಬಿಡುವುದು, ವಾಂತಿ, ತುಂಬಾ ನೀರು ಕುಡಿಯುವುದು, ತುಂಬಾ ಉಚ್ಚೆ ಹೊಯ್ಯುವುದು. ಇಷ್ಟು ಕಾಣುವ ಹೊತ್ತಿಗೆ ಕ್ಯಾಲ್ಸಿಯಂ ಏರಿ ಕಿಡ್ನಿಯಲ್ಲಿ ಕೂರುತ್ತಿರುತ್ತದೆ, ಆಗ ಚಿಕಿತ್ಸೆ ದಿನಗಳ ಲೆಕ್ಕ ದಾಟಿ ವಾರಗಳಿಗೆ ಹೋಗುತ್ತದೆ. ಅದೇ ತಿಂದ ಒಂದು ಗಂಟೆಯೊಳಗೆ ಬಂದರೆ? ಬಹುತೇಕ ವಾಂತಿ ಮತ್ತು ಇದ್ದಿಲಿನಲ್ಲಿ ಮುಗಿಯುತ್ತದೆ. ಹಾಗಂತ ದಿನಕ್ಕೊಂದು ತಗೊಳ್ಳುವ 1,000 ಐಯು ಮಾತ್ರೆ ಒಂದನ್ನು ತಿಂದಿದ್ದಕ್ಕೆ ಕೈಕಾಲು ಬಿಡಬೇಡಿ. 4 ಕೆಜಿ ನಾಯಿ ಅಪಾಯದ ಗೆರೆ ಮುಟ್ಟಲು ಅಂಥವು ಹದಿನಾರು ಬೇಕು. ಅದಕ್ಕೇ ಎಣಿಸಿ ಅನ್ನುವುದು.

ಮೂರನೆಯದು ಕಬ್ಬಿಣ, ಐರನ್. ಗರ್ಭಿಣಿಯರ ಮಾತ್ರೆ, ರಕ್ತಹೀನತೆಯ ಮಾತ್ರೆ, ಕೆಲವು ಮಲ್ಟಿವಿಟಮಿನ್. ಇಲ್ಲಿ ಲೇಬಲ್ ಓದುವುದೇ ಒಂದು ಕಲೆ. ಫೆರಸ್ ಸಲ್ಫೇಟ್ 325 ಮಿಲಿಗ್ರಾಂ ಅಂತ ಬರೆದಿದ್ದರೆ ಅದರಲ್ಲಿ ನಿಜವಾದ ಕಬ್ಬಿಣ ಇರುವುದು 65 ಮಿಲಿಗ್ರಾಂ ಮಾತ್ರ, ಉಳಿದದ್ದು ಜೊತೆಗೆ ಸೇರಿದ ಲವಣದ ತೂಕ. ನಮಗೆ ಬೇಕಾದ್ದು ಆ 65. ಕೆಜಿಗೆ 20 ಮಿಲಿಗ್ರಾಂವರೆಗೆ ಸಾಮಾನ್ಯವಾಗಿ ಹೆಚ್ಚೇನೂ ಆಗುವುದಿಲ್ಲ, 20ರಿಂದ 60ರವರೆಗೆ ಹೊಟ್ಟೆ ಕರುಳಿಗೆ ತೊಂದರೆ, 60 ದಾಟಿದರೆ ಜೀವಕ್ಕೇ ಅಪಾಯ. 3 ಕೆಜಿ ನಾಯಿ ಅಂಥ ಮೂರು ಮಾತ್ರೆ ತಿಂದರೆ ಕೆಜಿಗೆ 65. ಮೂರೇ ಮೂರು.

ಕಬ್ಬಿಣದ ಆಟ ಕೆಟ್ಟ ಆಟ. ಮೊದಲ ಆರು ಗಂಟೆ ವಾಂತಿ, ರಕ್ತ ಬೆರೆತ ಭೇದಿ. ಆಮೇಲೆ ಎಲ್ಲಾ ನಿಂತು ನಾಯಿ ಎದ್ದು ಕೂರುತ್ತದೆ, ಸ್ವಲ್ಪ ನೀರೂ ಕುಡಿಯುತ್ತದೆ. ಮನೆಯವರು ದೇವರು ದೊಡ್ಡವನು ಅಂತ ಉಸಿರು ಬಿಡುತ್ತಾರೆ. ಒಂದು ದಿನ ಆಗುವಷ್ಟರಲ್ಲಿ ಲಿವರ್ ಕೈಕೊಟ್ಟು ನಾಯಿ ಕುಸಿಯುತ್ತದೆ. ಆ ನಡುವಿನ ಆರಾಮ ಇದೆಯಲ್ಲ, ಅದನ್ನು ನೋಡಿ ಆಸ್ಪತ್ರೆಯಿಂದ ಹಟ ಮಾಡಿ ಕರೆದುಕೊಂಡು ಹೋದವರನ್ನು ನೋಡಿದ್ದೇನೆ. ಬೇಡ ಅಂದರೂ ಕೇಳಲಿಲ್ಲ. ಇದಕ್ಕೆ ಇದ್ದಿಲು ಕೆಲಸಕ್ಕೇ ಬರುವುದಿಲ್ಲ, ಕಬ್ಬಿಣ ಅದಕ್ಕೆ ಅಂಟುವುದಿಲ್ಲ. ಒಂದು ಅನುಕೂಲ ಉಂಟು. ಮಾತ್ರೆ ಇನ್ನೂ ಕರಗದೆ ಇದ್ದರೆ ಎಕ್ಸ್‌ರೇಯಲ್ಲಿ ಕಾಣುತ್ತದೆ, ಎಣಿಸಲೂಬಹುದು. ರಕ್ತಕ್ಕೆ ಸೇರಿದ ಕಬ್ಬಿಣವನ್ನು ಹಿಡಿದು ಹೊರಗೆ ಹಾಕುವ ಡೆಫೆರಾಕ್ಸಮೈನ್ ಅನ್ನುವ ಔಷಧಿಯೂ ಇದೆ, ಆದರೆ ಅದು ಎಲ್ಲಾ ಕಡೆ ಕೈಗೆ ಸಿಗುವಂಥದ್ದಲ್ಲ.

ಆಮೇಲೆ ಜಿಮ್‌ಗೆ ಹೋಗುವವರ ಮನೆಯ ಸಾಮಾನು. ತೂಕ ಇಳಿಸುವ ಮಾತ್ರೆ, ವ್ಯಾಯಾಮಕ್ಕೆ ಮುಂಚೆ ಕುಡಿಯುವ ಪುಡಿ, ಗ್ವಾರಾನಾ, ಗ್ರೀನ್ ಟೀ ಸಾರ. ಒಳಗಿರುವುದು ಕೆಫೀನ್. ಕೆಜಿಗೆ 20 ಮಿಲಿಗ್ರಾಂ ದಾಟಿದರೆ ಎದೆ ಬಡಿತ ಏರುತ್ತದೆ, ನಿಂತಲ್ಲಿ ನಿಲ್ಲುವುದಿಲ್ಲ; 60ರ ಹತ್ತಿರ ಫಿಟ್ಸ್. 200 ಮಿಲಿಗ್ರಾಂನ ಒಂದು ಮಾತ್ರೆ 3 ಕೆಜಿ ನಾಯಿಗೆ ಎಷ್ಟಾಯಿತು, ನೀವೇ ಭಾಗಿಸಿ. ಹಿಂದಿನ ಸಾಲಿನಿಂದ ಒಬ್ಬರು 66 ಅಂದರು. ಸರಿಯಾಗಿದೆ.

ಮನಸ್ಸು ಸರಿಯಿರಲಿ, ನಿದ್ದೆ ಬರಲಿ ಅಂತ ತಗೊಳ್ಳುವ 5-ಎಚ್‌ಟಿಪಿ ಒಂದಿದೆ. ಕೆಲವದರಲ್ಲಿ ಗ್ರಿಫೋನಿಯಾ ಬೀಜದ ಸಾರ ಅಂತ ಬರೆದಿರುತ್ತಾರೆ, ಎರಡೂ ಒಂದೇ. ನಾಯಿಯ ಮೆದುಳಿನಲ್ಲಿ ಸೆರೊಟೋನಿನ್ ಅನ್ನುವ ರಾಸಾಯನಿಕ ಜಾಸ್ತಿಯಾಗಿ ಮೈ ಕಾದು, ನಡುಗಿ, ಅಳುವ ಹಾಗೆ ಕೂಗಿ, ಕೆಲವಕ್ಕೆ ಸ್ವಲ್ಪ ಹೊತ್ತು ಕಣ್ಣೂ ಕಾಣದ ಹಾಗೆ ಆಗುತ್ತದೆ. ಹತ್ತು ನಿಮಿಷದಲ್ಲಿ ಶುರುವಾದದ್ದೂ ಇದೆ, ನಾಲ್ಕು ಗಂಟೆ ಬಿಟ್ಟು ಶುರುವಾದದ್ದೂ ಇದೆ. ಬೇಗ ಬಂದರೆ ಚೆನ್ನಾಗಿಯೇ ಹುಷಾರಾಗುತ್ತವೆ. ಆಲ್ಫಾ ಲಿಪೋಯಿಕ್ ಆಸಿಡ್ ಅಂತ ಇನ್ನೊಂದು, ಅದೂ ಸಕ್ಕರೆ ಇಳಿಸುತ್ತದೆ, ಲಿವರ್‌ಗೂ ಒಳ್ಳೆಯದಲ್ಲ. ಡಬ್ಬಿಯ ಮೇಲೆ ಈ ಹೆಸರಿದ್ದರೆ ಕಾಯಬೇಡಿ.

ಉಳಿದದ್ದು ಬೇಗ ಮುಗಿಸುತ್ತೇನೆ. ವಿಟಮಿನ್ ಸಿ, ಬಿ ಕಾಂಪ್ಲೆಕ್ಸ್: ಭೇದಿ, ಹಳದಿ ಉಚ್ಚೆ, ಅಷ್ಟೇ. ಪ್ರೋಬಯೋಟಿಕ್: ಹೊಟ್ಟೆ ಗುಡುಗುಡು. ಬರೀ ಕ್ಯಾಲ್ಸಿಯಂ: ಮಲಬದ್ಧತೆ, ಆದರೆ ಜೊತೆಗೆ ಡಿ3 ಇದೆಯಾ ನೋಡಿ, ಹೆಚ್ಚಿನವದರಲ್ಲಿ ಇರುತ್ತದೆ. ಮೀನೆಣ್ಣೆ: ಎರಡು ಮೂರು ಕ್ಯಾಪ್ಸೂಲ್ ಆದರೆ ಮನೆಯೆಲ್ಲಾ ವಾಸನೆ, ಡಬ್ಬಿ ಪೂರ್ತಿ ಆದರೆ ಅಷ್ಟು ಕೊಬ್ಬಿಗೆ ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು. ಕೀಲು ನೋವಿನ ಗ್ಲುಕೋಸಮೈನ್ ಸಾಮಾನ್ಯವಾಗಿ ಭೇದಿಗೆ ಮುಗಿಯುತ್ತದೆ, ತುಂಬಾ ಜಾಸ್ತಿ ತಿಂದರೆ ಲಿವರ್ ನೋಡಿಸಬೇಕು. ಡಬ್ಬಿಯೊಳಗೆ ತೇವ ಹೀರಲು ಇಡುವ ಸಿಲಿಕಾ ಜೆಲ್ ಪೊಟ್ಟಣ ನೋಡಿ ಹೆದರುವವರು ಜಾಸ್ತಿ, ಪಾಪ ಅದು ಹೆಚ್ಚೇನೂ ಮಾಡುವುದಿಲ್ಲ. ಆದರೆ ಗಾಳಿಯ ಆಮ್ಲಜನಕ ಹೀರುವ ಪೊಟ್ಟಣ ಅಂತ ಬೇರೆ ಬರುತ್ತದೆ, ಕಪ್ಪು ಅಥವಾ ಕಂದು ಪುಡಿ ಇರುವುದು. ಅದು ಕಬ್ಬಿಣದ ಪುಡಿ. ಅದನ್ನು ಕಬ್ಬಿಣದ ಲೆಕ್ಕಕ್ಕೇ ಸೇರಿಸಿ.

ಸರಿ, ಈಗ ಆಗಿಹೋಗಿದೆ. ನೀವು ಬಾಗಿಲು ತೆಗೆದು ಒಳಗೆ ಬಂದಿದ್ದೀರಿ, ನೆಲದ ತುಂಬಾ ಪ್ಲಾಸ್ಟಿಕ್ ಚೂರು, ನಾಯಿ ಬಾಲ ಆಡಿಸುತ್ತಾ ಸ್ವಾಗತ ಮಾಡುತ್ತಿದೆ. ಏನು ಮಾಡಬೇಕು?

ಬೈಯಬೇಡಿ. ಒಳ್ಳೆಯತನಕ್ಕೆ ಹೇಳುತ್ತಿಲ್ಲ. ಬೈದರೆ ಬಾಯಲ್ಲಿ ಇರುವುದನ್ನೂ ಗಬಕ್ಕನೆ ನುಂಗಿ ಮಂಚದಡಿ ಸೇರುತ್ತದೆ. ಮೆಲ್ಲಗೆ ಎತ್ತಿಕೊಂಡು ಬಾಯಿ ಬಿಡಿಸಿ ನೋಡಿ, ಕಾಣುವಂಥದ್ದು ಏನಾದರೂ ಇದ್ದರೆ ತೆಗೆಯಿರಿ, ಗಂಟಲಾಳಕ್ಕೆ ಬೆರಳು ಹಾಕಬೇಡಿ. ನಾಯಿಯನ್ನು ಬೇರೆ ಕೋಣೆಗೆ ಬಿಟ್ಟು ಬಾಗಿಲು ಹಾಕಿ, ಇಲ್ಲದಿದ್ದರೆ ನೀವು ಎಣಿಸುತ್ತಿರುವಾಗ ಅದು ಉಳಿದದ್ದನ್ನು ತಿನ್ನುತ್ತದೆ. ನಗಬೇಡಿ, ನಡೆದಿದೆ.

ಆಮೇಲೆ ಡಬ್ಬಿ. ಚೂರು ಚೂರಾಗಿದ್ದರೂ ಲೇಬಲ್ ಇರುವ ಚೂರು ಹುಡುಕಿ. ಮುಂದಿನ ದೊಡ್ಡಕ್ಷರ ಬಿಡಿ, ಹಿಂದಿನ ಸಣ್ಣಕ್ಷರ ಬೇಕು. ಅದರಲ್ಲೂ “ಇತರ ಪದಾರ್ಥಗಳು” ಅಂತ ಕೊನೆಯಲ್ಲಿ ಇರುತ್ತದಲ್ಲ, ಕ್ಸೈಲಿಟಾಲ್ ಅಡಗಿ ಕೂರುವುದು ಅಲ್ಲೇ. ಫೋಟೋ ತೆಗೆಯಿರಿ. ಉಳಿದ ಮಾತ್ರೆ ಎಣಿಸಿ, ಸೋಫಾ ಅಡಿ, ಕಾರ್ಪೆಟ್ ಅಡಿ ನೋಡಿ. ಡಬ್ಬಿಯಲ್ಲಿ ಮೊದಲು ಎಷ್ಟಿತ್ತು, ಯಾವತ್ತಿಂದ ತಗೊಳ್ಳುತ್ತಿದ್ದೀರಿ, ಕಳೆದು ನೋಡಿ. ಗೊತ್ತಾಗದಿದ್ದರೆ ಕಾಣದೇ ಇರುವುದೆಲ್ಲಾ ಹೊಟ್ಟೆಯಲ್ಲೇ ಇದೆ ಅಂತ ತಿಳಿದುಕೊಳ್ಳಿ. ಕೊನೆಯ ಸಲ ಡಬ್ಬಿ ಸರಿಯಾಗಿದ್ದದ್ದು ನೋಡಿದ್ದು ಎಷ್ಟು ಗಂಟೆಗೆ, ಅದನ್ನೂ ನೆನಪು ಮಾಡಿಕೊಳ್ಳಿ. ಇಷ್ಟಕ್ಕೂ ಐದು ನಿಮಿಷ ಸಾಕು, ಅದಕ್ಕಿಂತ ಜಾಸ್ತಿ ಹುಡುಕುತ್ತಾ ಕೂರಬೇಡಿ. ನಾಯಿ ಆಗಲೇ ತೂರಾಡುತ್ತಿದ್ದರೆ, ನಡುಗುತ್ತಿದ್ದರೆ, ಒಸಡು ಬಿಳಿಚಿಕೊಂಡಿದ್ದರೆ ಆ ಐದು ನಿಮಿಷವೂ ಬೇಡ, ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಡಿ.

ಫೋನ್ ಮಾಡಿದಾಗ ಒಂದೇ ಉಸಿರಿನಲ್ಲಿ ಹೀಗೆ ಹೇಳಿ: “ನಾಯಿ ಇಷ್ಟು ಕೆಜಿ, ಇಷ್ಟು ವಯಸ್ಸು, ಇಂಥ ಮಾತ್ರೆ, ಒಂದರಲ್ಲಿ ಇಷ್ಟು ಮಿಲಿಗ್ರಾಂ, ಹೆಚ್ಚೆಂದರೆ ಇಷ್ಟು ತಿಂದಿದೆ, ಇಷ್ಟು ಹೊತ್ತಾಯಿತು, ಈಗ ಹೀಗಿದೆ.” ಹೀಗೆ ಹೇಳಿದವರಿಗೆ ನಾನು ಎರಡು ನಿಮಿಷದಲ್ಲಿ ಬನ್ನಿ ಅಥವಾ ಬೇಡ ಅಂತ ಹೇಳಬಲ್ಲೆ. ಬೇಡ ಅಂದದ್ದೂ ಎಷ್ಟೋ ಸಲ ಇದೆ. ಕೆಲವು ದೇಶಗಳಲ್ಲಿ ಪ್ರಾಣಿಗಳ ವಿಷಬಾಧೆಗೇ ಅಂತ ಹಗಲು ರಾತ್ರಿ ಇರುವ ದೂರವಾಣಿ ಸೇವೆ ಇದೆ, ಅಲ್ಲೂ ಮೊದಲು ಕೇಳುವುದು ಇದನ್ನೇ.

ಈಗ ಮಾಡಬಾರದ್ದು. ಇಲ್ಲಿ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಉಪ್ಪು ನೀರು ಕುಡಿಸಬೇಡಿ. ವಾಂತಿ ಬರಲಿ ಅಂತ ಉಪ್ಪು ಕುಡಿಸಿ, ವಾಂತಿಯೂ ಬಾರದೆ, ರಕ್ತದಲ್ಲಿ ಸೋಡಿಯಂ ಏರಿ ಮೆದುಳಿಗೆ ಪೆಟ್ಟು ಬಿದ್ದು ಫಿಟ್ಸ್ ಬರುತ್ತದೆ. ತಿಂದದ್ದು ವಿಟಮಿನ್ ಸಿ ಆಗಿದ್ದು, ಸಾಯುವುದು ಉಪ್ಪಿನಿಂದ ಅಂದರೆ ಹೇಗಿರುತ್ತದೆ ಹೇಳಿ. ಬೆರಳು ಹಾಕಿ ವಾಂತಿ ಮಾಡಿಸಲು ಹೋದರೆ ನಾಯಿಗೆ ವಾಂತಿ ಬರುವುದಿಲ್ಲ, ನಿಮಗೆ ಕಚ್ಚು ಬೀಳುತ್ತದೆ. ಹಾಲು ವಿಷ ತೆಗೆಯುತ್ತದೆ ಅನ್ನುವುದು ಬರೀ ನಂಬಿಕೆ. ಎಣ್ಣೆ ಕುಡಿಸಿದರೆ ಶ್ವಾಸಕೋಶಕ್ಕೆ ಇಳಿಯುವ ಭಯ ಬೇರೆ.

ಹೈಡ್ರೋಜನ್ ಪೆರಾಕ್ಸೈಡ್ ಬಗ್ಗೆ ಎಲ್ಲರೂ ಕೇಳುತ್ತೀರಿ. ಹೌದು, 3 ಪರ್ಸೆಂಟ್ ಇರುವುದನ್ನು ಕೊಟ್ಟರೆ ನಾಯಿ ವಾಂತಿ ಮಾಡುತ್ತದೆ. ಕ್ಲಿನಿಕ್ ತುಂಬಾ ದೂರ ಇದ್ದಾಗ ವೈದ್ಯರು ತೂಕ ಕೇಳಿ, ಅಳತೆ ಹೇಳಿ, ಫೋನಿನಲ್ಲೇ ಮಾಡಿಸುವುದೂ ಉಂಟು. ಆದರೆ ಅದು ವಾಂತಿ ಮಾಡಿಸುವುದೇ ಹೊಟ್ಟೆಯ ಒಳಪದರವನ್ನು ಕೆರಳಿಸಿ. ಚಿಕ್ಕ ನಾಯಿಗೆ ಅಳತೆ ಸ್ವಲ್ಪ ತಪ್ಪಿದರೂ ಹೊಟ್ಟೆಯಲ್ಲಿ ಹುಣ್ಣು, ರಕ್ತ ವಾಂತಿ. ಕೂದಲಿಗೆ ಬಳಸುವ ಗಟ್ಟಿ ಪೆರಾಕ್ಸೈಡ್ ಅಂತೂ ಗಂಟಲನ್ನೇ ಸುಡುತ್ತದೆ. ಇನ್ನು ಪಗ್, ಶಿಟ್ಜು ಥರದ ಚಪ್ಪಟೆ ಮೂತಿಯವು. ಅವುಗಳ ಉಸಿರಾಟವೇ ಕಷ್ಟದ್ದು, ವಾಂತಿ ಶ್ವಾಸಕೋಶಕ್ಕೆ ಸೇರಿದರೆ ನ್ಯುಮೋನಿಯಾ. ಮಂಕಾಗಿರುವ, ತೂರಾಡುವ, ಫಿಟ್ಸ್ ಬಂದಿರುವ ನಾಯಿಗೆ ವಾಂತಿ ಮಾಡಿಸುವ ಮಾತೇ ಇಲ್ಲ. ನಮ್ಮ ಹತ್ತಿರ ಅಪೋಮಾರ್ಫಿನ್ ಚುಚ್ಚುಮದ್ದು ಇದೆ, ಕಣ್ಣಿಗೆ ಹನಿ ಹಾಕಿ ವಾಂತಿ ಮಾಡಿಸುವ ಔಷಧಿಯೂ ಬಂದಿದೆ. ಕೆಲವೇ ನಿಮಿಷದಲ್ಲಿ ಹೊಟ್ಟೆ ಖಾಲಿ. ಆದರೆ ಇದಕ್ಕೆಲ್ಲಾ ಸಾಮಾನ್ಯವಾಗಿ ಎರಡು ಗಂಟೆಯ ಗಡುವು. ಅಷ್ಟರಲ್ಲಿ ಮಾತ್ರೆ ಹೊಟ್ಟೆ ದಾಟಿ ಕರುಳಿಗೆ ಇಳಿದಿರುತ್ತದೆ. ಬೆಳಿಗ್ಗೆವರೆಗೆ ನೋಡೋಣ ಅನ್ನುವವರು ಈ ಎರಡು ಗಂಟೆಯನ್ನೇ ಕಳೆದುಕೊಳ್ಳುವುದು.

ಮಾತು ಮುಗಿದ ಮೇಲೆ ಕೆಲವು ಪ್ರಶ್ನೆ ಬಂದವು, ಮೂರನ್ನು ಬರೆಯುತ್ತೇನೆ.

ಒಬ್ಬರು ಕೇಳಿದರು, ಮನೆಯಲ್ಲೇ ವಾಂತಿ ಮಾಡಿಕೊಂಡಿತು, ಮಾತ್ರೆಯೂ ಬಂತು, ಇನ್ನು ಬರುವುದು ಬೇಡ ಅಲ್ವಾ ಅಂತ. ವಾಂತಿಯಲ್ಲಿ ಬಂದದ್ದನ್ನು ಎಣಿಸಿ. ಅಸಹ್ಯ ಅನ್ನಿಸಿದರೂ ಎಣಿಸಿ. ಐದು ಹೋಗಿ ಮೂರು ಬಂದಿದ್ದರೆ ಎರಡು ಒಳಗಿವೆ, ಆ ಎರಡರ ಲೆಕ್ಕ ಹಾಕಿ ಫೋನ್ ಮಾಡಿ. ಎಣಿಸಲು ಆಗದಿದ್ದರೆ ಒಂದು ಚೀಲಕ್ಕೆ ತುಂಬಿ ತನ್ನಿ, ನಮಗೆ ಅಭ್ಯಾಸ ಇದೆ.

ಇನ್ನೊಬ್ಬರು, ನಾಯಿಯ ತೂಕ ಗೊತ್ತಿಲ್ಲ, ತಕ್ಕಡಿಯ ಮೇಲೆ ನಿಲ್ಲುವುದಿಲ್ಲ ಅಂದರು. ನೀವು ನಿಂತು ನೋಡಿ, ಆಮೇಲೆ ಅದನ್ನು ಎತ್ತಿಕೊಂಡು ನಿಂತು ನೋಡಿ, ಕಳೆಯಿರಿ. ಇವತ್ತೇ ನೋಡಿ ಫ್ರಿಜ್ ಮೇಲೆ ಬರೆದಿಡಿ, ಅದರ ಕೆಳಗೆ ರಾತ್ರಿ ಹೊತ್ತು ತೆರೆದಿರುವ ಕ್ಲಿನಿಕ್ಕಿನ ನಂಬರನ್ನೂ ಬರೆಯಿರಿ. ರಾತ್ರಿ ಎರಡು ಗಂಟೆಗೆ ನಡುಗುವ ಕೈಯಲ್ಲಿ ಹುಡುಕುವ ಕೆಲಸ ಅಲ್ಲ ಅದು.

ಕೊನೆಯ ಪ್ರಶ್ನೆ ನನಗೆ ಇಷ್ಟವಾಯಿತು. ಮನೆಯಲ್ಲಿ ಎರಡು ನಾಯಿ ಇವೆ, ತಿಂದದ್ದು ಯಾವುದು ಅಂತ ಹೇಗೆ ಗೊತ್ತಾಗುತ್ತದೆ? ಒಂದು ಮೂಲೆಯಲ್ಲಿ ತಪ್ಪು ಮಾಡಿದ ಮುಖ ಮಾಡಿಕೊಂಡು ಕೂತಿರುತ್ತದೆ, ಅದೇ ಇರಬೇಕು ಅಲ್ವಾ ಡಾಕ್ಟ್ರೇ? ಅಲ್ಲಮ್ಮಾ. ಆ ಮುಖ ನೀವು ಕೂಗಾಡಿದ್ದಕ್ಕೆ ಬಂದದ್ದು, ತಿಂದದ್ದಕ್ಕಲ್ಲ. ನಿಜವಾಗಿ ತಿಂದದ್ದು ಪಕ್ಕದಲ್ಲಿ ಕೂತು ಇನ್ನೂ ಇದೆಯಾ ಅಂತ ನಿಮ್ಮ ಕೈ ನೋಡುತ್ತಿರಬಹುದು. ಎರಡೂ ಪೂರ್ತಿ ಡಬ್ಬಿ ತಿಂದಿವೆ ಅಂತಲೇ ಲೆಕ್ಕ ಹಾಕಿ, ಎರಡನ್ನೂ ಕರೆದುಕೊಂಡು ಬನ್ನಿ. ವಾಂತಿ ಮಾಡಿಸಿದ ಮೇಲೆ ಕಳ್ಳ ಯಾರು ಅಂತ ನಾನೇ ಹೇಳುತ್ತೇನೆ.